ಕೋಟೆ ಕಟ್ಟಿದವರು ಅರಸರಲ್ಲ

ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರದೇಶದ ಕೋಟೆ ಚರ್ಚುಗಳ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ. ಅವನ್ನು ಲೇಖಕರು 'ಅರಸರ ಸೇನಾ ನೆಲೆಗಳು' ಎಂದಿರುವುದನ್ನು ಒಪ್ಪಲಾರೆ. ಒಟ್ಟೋಮನ್ ತುರ್ಕರ ದಾಳಿಗಳು ಶುರುವಾದಾಗ ಅರಸನ ಸೈನ್ಯವನ್ನು ನಂಬಿ ಕೂರುವ ಸ್ಥಿತಿಯಲ್ಲಿ ಅಲ್ಲಿ ನೆಲೆಸಿದ್ದ ಜರ್ಮನ್ ಭಾಷಿಕ ಸ್ಯಾಕ್ಸನ್ ರೈತರು ಇರಲಿಲ್ಲ. ಊರ ನಡುವೆ ಗಟ್ಟಿ ಕಲ್ಲಿನ ಚರ್ಚ್ ಇತ್ತು. ಅದರ ಸುತ್ತಲೇ ಗೋಡೆ ಎಬ್ಬಿಸಿದರು. ಪ್ರೆಜ್‌ಮೆರ್ ಎಂಬ ಊರಿನಲ್ಲಿ ಆ ಗೋಡೆಯ ಎತ್ತರ ಸುಮಾರು 12 ಮೀಟರ್. ಒಳಮೈಗೆ ಅಂಟಿಕೊಂಡಂತೆ ಮೂರು ನಾಲ್ಕು ಅಂತಸ್ತುಗಳಲ್ಲಿ 270ಕ್ಕೂ ಹೆಚ್ಚು ಕೋಣೆಗಳು, ಕಿರಿದಾದ ಮರದ ಮೆಟ್ಟಿಲುಗಳು, ಪುಟ್ಟ ಬಾಗಿಲುಗಳು. ಕುಟುಂಬಕ್ಕೊಂದು ಕೋಣೆ; ಶಾಂತಿಕಾಲದಲ್ಲಿ ಅದೇ ಕಣಜ. ಮುತ್ತಿಗೆ ಎಷ್ಟು ದಿನ ಎಳೆದೀತೋ ಎಂದು ಮಕ್ಕಳಿಗೆ ಪಾಠ ಹೇಳಲೂ ಒಳಗೇ ಒಂದು ಕೋಣೆ! ಇಷ್ಟು ಮುಂದಾಲೋಚನೆ ಯಾವ ದಂಡನಾಯಕನಿಗೆ ಬಂದೀತು?

ಯುನೆಸ್ಕೊ 1993ರಲ್ಲಿ ಬಿಯೆರ್ತಾನ್ ಎಂಬ ಹಳ್ಳಿಯನ್ನೂ 1999ರಲ್ಲಿ ಪ್ರೆಜ್‌ಮೆರ್ ಸೇರಿ ಇನ್ನಷ್ಟು ಹಳ್ಳಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿರುವ 'ದರ್ಜಿಯು' ಎಂಬ ಹಳ್ಳಿ ಸ್ಯಾಕ್ಸನ್ನರದ್ದಲ್ಲ, ಹಂಗೇರಿಯನ್ ಭಾಷಿಕ ಸೆಕೆಯ್ ಜನರದ್ದು. ಹೊಗೆಯಾಡಿಸಿದ ಹಂದಿಮಾಂಸವನ್ನು ಕೋಟೆಯೊಳಗೆ ತೂಗುಹಾಕಿಡುವ ರೂಢಿಯನ್ನು ಅಲ್ಲಿನ ಮನೆತನಗಳು ನಮ್ಮ ಕಾಲದವರೆಗೂ ಉಳಿಸಿಕೊಂಡಿವೆ. ಇಂಥ ಊರನ್ನೇ ಲೇಖನ ಬಿಟ್ಟಿರುವುದು ಬೇಸರ. ಮುಂದಿನ ಕಂತು ಇದ್ದರೆ ಅಲ್ಲಿಂದಲೇ ಶುರುಮಾಡಿ.