ದಂಡೆ ನಿಮ್ಮ ರಸ್ತೆಯಲ್ಲ

ಕಡಲತೀರಕ್ಕೆ ಗಾಡಿ ಇಳಿಸುವವರ ಮೇಲೆ ನನಗಿರುವ ಸಿಟ್ಟು ನಮ್ಮ ಮನೆಯವರಿಗೆ ಹಳೆಯದು. ಅದನ್ನು ಇಲ್ಲಿ ಬರೆಯಲೇಬೇಕು ಅನ್ನಿಸಿದ್ದು ನಿನ್ನೆ ಸಂಜೆ. ಕುಂದಾಪುರದ ಕೋಡಿಯಲ್ಲಿ ಹೊರ ಊರಿನಿಂದ ಬಂದ ದೊಡ್ಡ ಗಾಡಿಯೊಂದು ಮರಳ ದಿಬ್ಬದ ಬಳ್ಳಿಗಳನ್ನು ಅರೆದುಕೊಂಡು ನೇರವಾಗಿ ನೀರಿನ ಅಂಚಿಗೆ ಇಳಿಯಿತು. ಒಬ್ಬ ಹುಡುಗ ಗಾಡಿಯನ್ನು ಅಲ್ಲೇ ಸುತ್ತು ಹೊಡೆಸುತ್ತಿದ್ದರೆ, ಇನ್ನೊಬ್ಬ ಚಕ್ರದಿಂದ ಚಿಮ್ಮುವ ನೀರನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದ. ಸ್ವಲ್ಪ ದೂರದಲ್ಲಿ ಬಲೆ ಹರಡಿಕೊಂಡು ಹರಿದ ಜಾಗ ಹೊಲಿಯುತ್ತಿದ್ದ ಹಿರಿಯರೊಬ್ಬರು ಎದ್ದು ನಿಂತು, "ಹ್ವಾಯ್, ಅದ್ ರಸ್ತಿ ಅಲ್ಲ ಮರಾಯ್ರೆ, ಬಲಿ ಇತ್ತ್ ಕಾಣಿ!" ಎಂದು ಕೂಗಿದರು. ಹುಡುಗರು ಕೈಬೀಸಿ ನಕ್ಕರು, ಅಷ್ಟೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹಿಂದಿನ ಚಕ್ರಗಳು ಹೂತುಹೋದವು, ಅಲೆ ಬಾಗಿಲವರೆಗೆ ಬರತೊಡಗಿತು. ಆಗ ಹಗ್ಗ ತಂದು, ಐದಾರು ಜನರನ್ನು ಕರೆದು, ಗಾಡಿಯನ್ನು ಮೇಲಕ್ಕೆ ಎಳೆಸಿದ್ದು ಅದೇ ಹಿರಿಯರು. ಹುಡುಗರು ನೀಡಿದ ನೋಟನ್ನು ಅವರು ಮುಟ್ಟಲಿಲ್ಲ. ಮರಳು ಮೆತ್ತಿದ ಬಲೆಯನ್ನು ಕೊಡವಿಕೊಂಡು ಮತ್ತೆ ಹೊಲಿಯಲು ಕುಳಿತರು.

ಅವರ ತಾಳ್ಮೆ ನನ್ನಲ್ಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತಿರುವಂತೆ ನಾನು ಈ ದಂಡೆಯ ಮೇಲೆಯೇ ಬೆಳೆದವಳು, ಅಪ್ಪ ರಂಪಣಿಯಲ್ಲಿ ಬಲೆ ಎಳೆದವರು. ಹತ್ತಾರು ಜನ ಎರಡು ಸಾಲಾಗಿ ನಿಂತು, ಗಂಟೆಗಟ್ಟಲೆ ಹಗ್ಗ ಜಗ್ಗಿ, ಕಡಲಿಗೆ ಬಿಟ್ಟ ಬಲೆಯನ್ನು ದಂಡೆಗೆ ತರುತ್ತಿದ್ದ ಆ ಕಸುಬು 1970ರ ದಶಕದಲ್ಲಿ, ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು. ಈಗ ಅಲ್ಲಲ್ಲಿ ಅದರ ಸಣ್ಣ ರೂಪವಾದ ಕೈರಂಪಣಿ ಮಾತ್ರ ಉಳಿದಿದೆ. ಅಪ್ಪ ತೀರಿಕೊಂಡ ಮೇಲೆ ಬಹಳ ಕಾಲ ನಾನು ಸಂಜೆಯ ಹೊತ್ತಿನಲ್ಲಿ ದಂಡೆಗೆ ಹೋಗುತ್ತಿರಲಿಲ್ಲ. ಬಲೆಯ ಮುಂದೆ ಬೆನ್ನು ಬಾಗಿಸಿ ಕುಳಿತವರನ್ನು ಕಂಡರೆ ಈಗಲೂ ಗಂಟಲು ಕಟ್ಟುತ್ತದೆ. ಹಾಗಾಗಿ ಆ ಬಲೆಯ ಪಕ್ಕದಲ್ಲಿ ಚಕ್ರ ತಿರುಗುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಕೋಡಿಯೊಂದರಲ್ಲೇ ಹೀಗಾಗಿದ್ದರೆ ಯಾರೋ ಹುಡುಗರ ಉಡಾಫೆ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಮಗಳ ಡಿಸೆಂಬರ್ ರಜೆಯಲ್ಲಿ ಉಳ್ಳಾಲದ ಸೋಮೇಶ್ವರದಿಂದ ಕಾರವಾರದವರೆಗೆ ದಂಡೆಯ ಜಾಡು ಹಿಡಿದು ಹೋಗಿ, ಈಗಷ್ಟೇ ಮನೆಗೆ ಮರಳಿದ್ದೇವೆ. ಹೋದ ಕಡೆಯಲ್ಲೆಲ್ಲ ಕಂಡದ್ದು ಅದೇ ಜೋಡಿ ಗೆರೆ. ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನ ಅಳಿವೆ, ದೇಶದ ಸರ್ಫಿಂಗ್ ಸ್ಪರ್ಧೆಗಳು ನಡೆದ ಜಾಗ. ಅಲ್ಲಿ ಮರಳ ತುದಿಯವರೆಗೂ ಚಕ್ರದ ಗುರುತಿತ್ತು. 1901ರಿಂದ ಬಂಡೆಯ ಮೇಲೆ ನಿಂತಿರುವ ಕಾಪು ದೀಪಸ್ತಂಭದ ಬುಡದಿಂದ ತೆಂಕು ಬಡಗು ಎರಡೂ ದಿಕ್ಕಿಗೆ ನೋಡಿದರೆ ಅಲ್ಲೂ ಇತ್ತು. ಒಂದು ಬದಿಗೆ ಸುವರ್ಣಾ ನದಿ, ಇನ್ನೊಂದು ಬದಿಗೆ ಕಡಲು ಇರುವ ಕೋಡಿಬೆಂಗ್ರೆಯ ಆ ಕಿರಿದಾದ ನೆಲದ ಪಟ್ಟಿಯಲ್ಲೂ ಯಾರೋ ಗಾಡಿ ಇಳಿಸಿ ತಿರುಗಿಸಿದ್ದರು.

ರಾಷ್ಟ್ರೀಯ ಹೆದ್ದಾರಿ 66 ಅಗಲವಾದದ್ದಕ್ಕೆ ನನ್ನ ತಕರಾರಿಲ್ಲ. ಅದು ಹದಿನೇಳನೆಯ ಹೆದ್ದಾರಿಯಾಗಿದ್ದ ಕಾಲದಲ್ಲಿ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿಬಂದ ಯಾರೂ ಆ ತಕರಾರು ಎತ್ತಲಾರರು. ಮೂರು ಜಿಲ್ಲೆಗಳ ಉದ್ದಕ್ಕೂ ಈ ಹೆದ್ದಾರಿ ಕಡಲಿನ ಮಗ್ಗುಲಲ್ಲೇ ಸಾಗುತ್ತದೆ, ಮರವಂತೆಯಲ್ಲಂತೂ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ. ಅಲ್ಲಿ ಗಾಡಿ ನಿಲ್ಲಿಸಿ, ಇಳಿದು, ನಾಲ್ಕು ಹೆಜ್ಜೆ ನಡೆದರೆ ಪಾದಕ್ಕೆ ನೀರು ಸಿಗುತ್ತದೆ. ಇಷ್ಟು ಹತ್ತಿರ ತಂದು ಬಿಡುವ ರಸ್ತೆಯಿದ್ದೂ ಆ ನಾಲ್ಕು ಹೆಜ್ಜೆಯನ್ನು ಕೂಡ ಚಕ್ರದ ಮೇಲೆಯೇ ಹೋಗಬೇಕೆಂಬ ಹಟ ಏಕೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಅಲೆ ಸೀಳಿಕೊಂಡು ಹೋಗುವ ಗಾಡಿಯನ್ನು ಜಾಹೀರಾತಿನಲ್ಲಿ ತೋರಿಸುವವರಿಗೂ ಇದರಲ್ಲಿ ಪಾಲಿದೆ ಎಂದು ನಾನು ನಂಬಿದ್ದೇನೆ. ಆ ಚಿತ್ರಗಳಲ್ಲಿ ದಂಡೆ ಯಾವಾಗಲೂ ಖಾಲಿಯಾಗಿರುತ್ತದೆ. ಬಲೆ, ದೋಣಿ, ಮೀನು ಒಣಗಿಸುವ ಹೆಂಗಸರು, ಯಾರೂ ಅಲ್ಲಿರುವುದಿಲ್ಲ.

ನಮ್ಮ ದಂಡೆ ಖಾಲಿಯಿಲ್ಲ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಬಳಿಯ ಕಾಸರಕೋಡ ಟೊಂಕಕ್ಕೆ ಬೆಳಿಗ್ಗೆ ಹೋದರೆ ಮೀನು ಒಣಗಿಸುವ ಕೆಲಸ ಕಾಣುತ್ತದೆ. ಹೆಂಗಸರು ನೆಲ ಗುಡಿಸಿ, ಹಳೆಯ ಬಲೆ ಹಾಸಿ, ಅದರ ಮೇಲೆ ಮೀನನ್ನು ಒಂದಕ್ಕೊಂದು ತಾಗದಂತೆ ಹರಡುತ್ತಾರೆ. ಬಿಸಿಲು ಏರಿದಂತೆ ಬಗ್ಗಿಕೊಂಡೇ ಹಿಂದಕ್ಕೆ ಸರಿಯುತ್ತ ಮಗುಚಿ ಹಾಕುತ್ತಾರೆ, ಕಾಗೆ ನಾಯಿಗಳನ್ನು ಓಡಿಸುತ್ತಾರೆ, ಸಂಜೆಯ ತಂಪು ಇಳಿಯುವ ಮೊದಲು ಒಟ್ಟುಗೂಡಿಸಿ ಮುಚ್ಚುತ್ತಾರೆ. ಮೀನಿಗೆ ಮರಳು ಹಾರಿ ಬಿದ್ದರೆ ಬೆಲೆ ಇಳಿಯುತ್ತದೆ. ಅಲ್ಲಿ ನನ್ನೊಂದಿಗೆ ಮಾತನಾಡಿದ ಅಕ್ಕ ಒಬ್ಬರು, ಪಕ್ಕದಲ್ಲಿ ಗಾಡಿ ಓಡಿಸಿದವರ ದೆಸೆಯಿಂದ ಇಡೀ ಸಾಲು ಮರಳಾಗಿ, ಮೀನನ್ನು ಮತ್ತೆ ತೊಳೆದು ಒಣಗಿಸಬೇಕಾದದ್ದನ್ನು ಹೇಳಿದರು. ಒಂದು ದಿನದ ದುಡಿಮೆ ಹಾಗೆ ಹೋಯಿತು. ಬೇರೆ ಯಾರದಾದರೂ ಗೋದಾಮಿಗೋ ಗದ್ದೆಗೋ ಹೀಗೆ ಗಾಡಿ ನುಗ್ಗಿಸಿದ್ದರೆ ಊರೇ ಸೇರುತ್ತಿತ್ತು. ದಂಡೆಗೆ ಬೇಲಿಯಿಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲಿನ ದುಡಿಮೆ ಯಾರ ಕಣ್ಣಿಗೂ ದುಡಿಮೆಯಾಗಿ ಕಾಣುವುದಿಲ್ಲ.

ಅದೇ ಕಾಸರಕೋಡಿನಲ್ಲಿ, ಟೊಂಕದಿಂದ ತುಸು ದೂರದಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವಿದೆ. 2020ರಲ್ಲಿ ಮೊದಲ ಬಾರಿಗೆ ಭಾರತದ ಎಂಟು ಕಡಲತೀರಗಳಿಗೆ ಈ ಮಾನ್ಯತೆ ಸಿಕ್ಕಾಗ ಕರ್ನಾಟಕದಿಂದ ಇದ್ದದ್ದು ಕಾಸರಕೋಡು ಮತ್ತು ಪಡುಬಿದ್ರಿ. ಈ ಮಾನ್ಯತೆಗೆ ಪಾಲಿಸಬೇಕಾದ ನಿಯಮಗಳಲ್ಲಿ, ಅನುಮತಿಯಿಲ್ಲದೆ ತೀರದ ಮೇಲೆ ವಾಹನ ಓಡಿಸುವುದನ್ನು ನಿಷೇಧಿಸಬೇಕೆಂಬುದೂ ಒಂದು. ಪಡುಬಿದ್ರಿಯಲ್ಲಿ ನಾವು ಗಾಡಿಯನ್ನು ಹೊರಗೆ ನಿಲ್ಲಿಸಿ ನಡೆದೆವು. ಎಲ್ಲರೂ ನಡೆಯುತ್ತಿದ್ದರು, ಯಾರೂ ಗೊಣಗಲಿಲ್ಲ. ಹೇಳಿದರೆ ಜನ ಕೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಾಗಿದ್ದ ಮೇಲೆ ಬಾವುಟ ಹಾರುವ ಆ ಒಂದಿಷ್ಟು ಜಾಗದ ಮರಳಿಗೆ ಮಾತ್ರ ಈ ಮರ್ಯಾದೆ ಏಕೆ, ಅದರ ಗಡಿ ದಾಟಿದ ಕೂಡಲೇ ಯಾರು ಏನು ಬೇಕಾದರೂ ಮಾಡಬಹುದೆಂದು ಏಕೆ ಬಿಡಬೇಕು?

ಈಗ ಆಮೆಯ ಮಾತು ಹೇಳದೆ ವಿಧಿಯಿಲ್ಲ, ಏಕೆಂದರೆ ಜನ ಗಾಡಿ ಹಿಡಿದು ಬರುವ ತಿಂಗಳುಗಳೂ ಆಲಿವ್ ರಿಡ್ಲೆ ಆಮೆ ಮೊಟ್ಟೆಯಿಡಲು ದಂಡೆಗೆ ಬರುವ ತಿಂಗಳುಗಳೂ ಒಂದೇ. ಚಳಿಗಾಲದ ರಾತ್ರಿ ಹತ್ತಿ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ತಾಯಿ ಹೊರಟುಹೋಗುತ್ತದೆ. ನಲವತ್ತೈದರಿಂದ ಅರವತ್ತು ದಿನ ಆ ಮೊಟ್ಟೆಗಳಿಗೆ ಮರಳೇ ಗತಿ. ಮೇಲಿನಿಂದ ನೋಡಿದರೆ ಅಲ್ಲಿ ಏನೂ ಕಾಣುವುದಿಲ್ಲ, ಹಾಗಾಗಿ ಓಡಿಸುವವನಿಗೆ ತಾನು ಯಾವುದರ ಮೇಲೆ ಹೋದೆ ಎಂಬುದೂ ತಿಳಿಯುವುದಿಲ್ಲ. ಚಕ್ರದ ಭಾರಕ್ಕೆ ಮರಳು ಗಟ್ಟಿಯಾದರೆ ಮರಿಗಳು ಮೇಲೆ ಬರಲು ಕಷ್ಟವಾಗುತ್ತದೆ. ಬಂದರೂ, ನಮ್ಮ ಅಂಗೈಯಲ್ಲಿ ಸುಲಭವಾಗಿ ಕೂರುವಷ್ಟು ಸಣ್ಣ ಮರಿಗೆ ಚಕ್ರದ ಗುಳಿ ದಾಟಲಾಗದ ಗೋಡೆಯಾಗುತ್ತದೆ. ಅದರೊಳಗೆ ಬಿದ್ದ ಮರಿ ಕಡಲಿಗೆ ಹೋಗುವ ಬದಲು ಗುಳಿಯ ಉದ್ದಕ್ಕೂ ತೆವಳುತ್ತ ಸುಸ್ತಾಗಿ ಏಡಿಗೋ ಕಾಗೆಗೋ ಆಹಾರವಾಗುತ್ತದೆ. ರಾತ್ರಿ ಗಾಡಿಯ ದೀಪ ಉರಿಸಿದರೆ ದಿಕ್ಕು ತಪ್ಪುತ್ತದೆ.

ಇದೇ ಕೋಡಿಯಲ್ಲಿ ನಮ್ಮೂರ ಮೀನುಗಾರರೂ ಅರಣ್ಯ ಇಲಾಖೆಯವರೂ ಸೇರಿ ಆಮೆಗೂಡುಗಳಿಗೆ ಬಲೆಯ ಬೇಲಿ ಕಟ್ಟಿ, ಕಾವಲು ಕಾದು, ಮರಿಗಳನ್ನು ಕಡಲಿಗೆ ಬಿಟ್ಟಿದ್ದಾರೆ. ಬಲೆಗೆ ಬಿದ್ದ ಆಮೆಯನ್ನು ಕೂರ್ಮಾವತಾರವೆಂದು ಕೈಮುಗಿದು ಬಿಡುವ ಜನ ಇವರು. ವರ್ಷಕ್ಕೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯದೆ ದಡದಲ್ಲೇ ನಿಲ್ಲುತ್ತವೆ. ಮೀನು ಮರಿ ಮಾಡಲಿ ಎಂದು ಇಷ್ಟು ದಿನದ ಗಳಿಕೆ ಬಿಟ್ಟುಕೊಡುವವರ ಊರಿಗೆ ಬಂದು, ಸಂಜೆಯ ಒಂದು ಗಂಟೆ ಗಾಡಿಯಿಂದ ಇಳಿಯಲಾರೆ ಎನ್ನುವುದು ಯಾವ ನ್ಯಾಯ?

ಮರಳ ದಿಬ್ಬದ ಮೇಲೆ ಹಬ್ಬುವ ಬಂಗುಡೆ ಬಳ್ಳಿಯ ವಿಷಯವೂ ಇದೆ. ಕಸವೆಂದು ತಿಳಿದು ಜನ ಅದರ ಮೇಲೆಯೇ ಗಾಡಿ ನಿಲ್ಲಿಸುತ್ತಾರೆ. ಬಗ್ಗಿ ನೋಡಿದರೆ ತುದಿ ಸೀಳಿದ ದಪ್ಪ ಎಲೆ, ನೇರಳೆ ಹೂವು, ಗೆಣ್ಣು ಗೆಣ್ಣಿಗೂ ಬೇರು. ಗಾಳಿಗೆ ಹಾರಿ ಬಂದ ಮರಳು ಈ ಬಳ್ಳಿಗೆ ಸಿಕ್ಕಿ ನಿಂತು ದಿಬ್ಬವಾಗುತ್ತದೆ. ಮಳೆಗಾಲದ ಅಲೆ ದಂಡೆಯ ಮರಳನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ, ಮಳೆ ಮುಗಿದ ಮೇಲೆ ಕಡಲು ಶಾಂತವಾದಂತೆ ಮೆಲ್ಲಮೆಲ್ಲನೆ ಅದನ್ನು ತಂದು ಹಾಕುತ್ತದೆ. ಈ ಕೊಡುಕೊಳುವಿಕೆಯಲ್ಲಿ ದಿಬ್ಬವೇ ಊರಿನ ಆಪದ್ಧನ. ಅದನ್ನು ಕಳೆದುಕೊಂಡ ಊರುಗಳಲ್ಲಿ ಏನಾಗುತ್ತದೆಂದು ನೋಡಬೇಕಾದವರು ಉಳ್ಳಾಲಕ್ಕೆ ಹೋಗಬೇಕು. ಅಲ್ಲಿ ಕಡಲ್ಕೊರೆತಕ್ಕೆ ಎಷ್ಟು ಕಲ್ಲು ಸುರಿದರೂ ಮಳೆಗಾಲ ಬಂತೆಂದರೆ ದಂಡೆಯ ಮನೆಯವರಿಗೆ ನಿದ್ದೆಯಿಲ್ಲ. ಕೊರೆತಕ್ಕೆ ಗಾಡಿಗಳೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ದಿಬ್ಬ ಕಟ್ಟುವ ಬಳ್ಳಿಯನ್ನು ಅರೆಯುವ ಪ್ರತಿ ಚಕ್ರವೂ ಕಡಲಿಗೆ ದಾರಿ ಮಾಡಿಕೊಡುತ್ತದೆ.

ಪ್ರವಾಸಿಗರು ಬಂದರೆ ತಾನೇ ಊರಿಗೆ ನಾಲ್ಕು ಕಾಸು ಎನ್ನುವವರು ಈಗಾಗಲೇ ಉತ್ತರ ಬರೆಯಲು ಕೂತಿರುತ್ತಾರೆ. ಬರಲಿ, ಖಂಡಿತ ಬರಲಿ. ಆದರೆ ನೀರಿನವರೆಗೆ ಗಾಡಿ ಇಳಿಸುವವರು ತಿಂಡಿ, ಪಾನೀಯ, ಕುರ್ಚಿ ಎಲ್ಲವನ್ನೂ ಡಿಕ್ಕಿಯಲ್ಲೇ ತುಂಬಿಕೊಂಡು ಬಂದಿರುತ್ತಾರೆ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ನಡೆದು ಹೋಗುವವರೇ ಬೊಂಡ ಕುಡಿಯುವುದು, ಚುರುಮುರಿ ಕೊಳ್ಳುವುದು, ಹೋಟೆಲಿಗೆ ಹೋಗಿ ಮೀನೂಟ ಮಾಡುವುದು. ಕೇರಳದ ಕಣ್ಣೂರಿನ ಬಳಿ ಮುಳಪ್ಪಿಲಂಗಾಡಿನಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ದಂಡೆಯ ಮೇಲೆ ವಾಹನ ಓಡಿಸಲು ಬಿಡುತ್ತಾರಲ್ಲ ಎಂದು ಕೇಳುವವರೂ ಇದ್ದಾರೆ. ಅದು ಮರಳು ಗಟ್ಟಿಯಾಗಿರುವ, ಕರಿಬಂಡೆಗಳು ಅಲೆಯನ್ನು ತಡೆಯುವ, ಅದಕ್ಕೆಂದೇ ಗೊತ್ತುಮಾಡಿದ ಜಾಗ. ಅದನ್ನು ತೋರಿಸಿ ಇಲ್ಲಿನ ಮೆದು ಮರಳಿಗೆ, ಆಮೆ ಮೊಟ್ಟೆಯಿಡುವ ದಂಡೆಗೆ ಗಾಡಿ ಇಳಿಸಲು ಹಕ್ಕು ಕೇಳುವುದು ಸರಿಯಲ್ಲ. ಪಕ್ಕದ ಗೋವಾದಲ್ಲಿ ದಂಡೆಗೆ ಗಾಡಿ ಇಳಿಸಿದವರ ಮೇಲೆ ಪೊಲೀಸರು ಪ್ರಕರಣ ದಾಖಲಿಸುತ್ತಾರೆ, ಅಲ್ಲಿಗೇನೂ ಪ್ರವಾಸಿಗರು ಕಡಿಮೆಯಾಗಿಲ್ಲ.

ಇನ್ನೊಂದು ಮಾತು ಮಾತ್ರ ನನ್ನನ್ನು ಸ್ವಲ್ಪ ನಿಲ್ಲಿಸಿ ಯೋಚಿಸುವಂತೆ ಮಾಡಿತು. ಬಂದರಿಗೆ, ನೌಕಾನೆಲೆಗೆ, ತಡೆಗೋಡೆಗೆ ಎಂದು ಮೈಲುಗಟ್ಟಲೆ ದಂಡೆ ಹೋಗಿರುವಾಗ ಎರಡು ದಿನಕ್ಕೆ ಬರುವ ಪ್ರವಾಸಿಗನ ಗಾಡಿಯ ಮೇಲೇಕೆ ನಿನ್ನ ಕೋಪ ಎಂದು ಅಣ್ಣ ಕೇಳಿದ. ಅವನು ಹೇಳಿದ್ದು ನಿಜ. ಕಾರವಾರದಲ್ಲಿ ನೌಕಾನೆಲೆಗಾಗಿ ಊರುಗಳೇ ಎದ್ದುಹೋದವು, ಹೊನ್ನಾವರದಲ್ಲಿ ಬಂದರಿನ ವಿರುದ್ಧ ಮೀನುಗಾರರ ಹೋರಾಟ ವರ್ಷಗಳಿಂದ ನಡೆದಿದೆ. ಆದರೆ ಅಷ್ಟೆಲ್ಲ ಹೋದ ಮೇಲೆ ಉಳಿದಿರುವ ತುಂಡು ಇದು. ದೊಡ್ಡವರಿಂದ ಉಳಿಸಿಕೊಂಡದ್ದನ್ನು ಮೋಜಿಗೆ ಬಂದವರ ಕೈಯಲ್ಲಿ ಕಳೆದುಕೊಳ್ಳಬೇಕೆ?

ಈ ಪ್ರಯಾಣದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಗೋಕರ್ಣ. ಓಂ ಬೀಚಿಗೆ ರಸ್ತೆ ಗುಡ್ಡದ ಮೇಲಕ್ಕೇ ಮುಗಿಯುತ್ತದೆ, ಅಲ್ಲಿಂದ ಮೆಟ್ಟಿಲಿಳಿದು ಹೋಗಬೇಕು. ಅದರಾಚೆಯ ಹಾಫ್ ಮೂನ್ ಮತ್ತು ಪ್ಯಾರಡೈಸ್ ಬೀಚುಗಳಿಗೆ ಬಂಡೆಗಳ ನಡುವಿನ ಕಾಲುದಾರಿ, ಇಲ್ಲವೇ ದೋಣಿ. ಮಗಳು ದಾರಿಯುದ್ದಕ್ಕೂ ಕಾಲು ನೋವೆಂದು ಹೇಳುತ್ತಲೇ ಬಂದಳು. ತಿರುವಿನಲ್ಲಿ ಕೆಳಗೆ ಹಾಫ್ ಮೂನ್ ಕಂಡದ್ದೇ ಓಡಲು ಶುರುಮಾಡಿದಳು. ಅಲ್ಲಿ ಮರಳ ಮೇಲೆ ಪುಟ್ಟ ಏಡಿಗಳು ತೋಡಿ ಎಸೆದ ಗುಳಿಗೆಯಂಥ ಉಂಡೆಗಳ ಸಾಲುಗಳಿದ್ದವು. ಅವಳು ಕುಕ್ಕರಗಾಲಿನಲ್ಲಿ ಕೂತು ಒಂದು ಏಡಿ ಬಿಲದಿಂದ ಹೊರಬಂದು, ಉಂಡೆ ಮಾಡಿಟ್ಟು, ಮತ್ತೆ ಒಳಗೆ ಹೋಗುವುದನ್ನು ಅಲುಗಾಡದೆ ನೋಡಿದಳು. ಚಕ್ರ ತಲುಪಿದ ದಂಡೆಗಳಲ್ಲಿ ಈ ಸಾಲುಗಳನ್ನು ನಾನು ಹುಡುಕಿದ್ದೆ, ಗಾಡಿ ಓಡಾಡಿದ ಪಟ್ಟಿಯಲ್ಲಿ ಒಂದೂ ಇರಲಿಲ್ಲ.

ನಡೆಯಲಾಗದ ಹಿರಿಯರ ಬಗ್ಗೆ ಕೇಳುವವರಿಗೆ: ನನ್ನ ಅತ್ತೆಗೂ ಮಂಡಿನೋವಿದೆ. ಅವರಿಗೆ ಬೇಕಾದದ್ದು ಗಾಲಿಕುರ್ಚಿ ಸಾಗುವ ಹಲಗೆದಾರಿ ಮತ್ತು ಕೂರಲು ನೆರಳು. ಪಂಚಾಯಿತಿಯವರಲ್ಲಿ ನಾವು ಕೇಳಬೇಕಾದದ್ದು ಇದನ್ನೇ. ಜೊತೆಗೆ, ದಂಡೆಗೆ ಇಳಿಯುವ ಪ್ರತಿ ದಾರಿಯ ಬಾಯಲ್ಲಿ ಸಾಲಾಗಿ ಕಂಬ ನೆಡಲಿ. ಬಲೆ, ದೋಣಿ, ಮೀನು ಸಾಗಿಸುವ ಟೆಂಪೋಗೆ ಒಂದು ಕಡೆ ಸರಪಳಿ ಹಾಕಿದ ದಾರಿ ಬಿಟ್ಟು, ಬೀಗದ ಕೈ ಆ ದಂಡೆಯ ಮೀನುಗಾರರ ಬಳಿಯೇ ಇರಲಿ. ಎಲ್ಲಿ ಇಳಿಸಬೇಕು, ಯಾವ ಹೊತ್ತಿಗೆ ಕಡಲಿನ ಭರತ ಏರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಹೆದ್ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಮಾಡಲಿ, ಅದಕ್ಕೆ ಶುಲ್ಕ ಪಡೆದರೂ ಅಡ್ಡಿಯಿಲ್ಲ.

ಕೋಡಿಯ ದಾರಿಗೆ ಕಂಬ ಹಾಕಿಸಬೇಕೆಂದು ಮನವಿ ಬರೆದಿದ್ದೇನೆ, ಈ ವಾರ ಊರವರ ಸಹಿ ಹಾಕಿಸುತ್ತೇನೆ. ಕುಂದಾಪುರ, ಬೈಂದೂರು ಕಡೆಯ ಗೆಳೆಯರು ನಿಮ್ಮ ನಿಮ್ಮ ದಂಡೆಗೂ ಇದೇ ಒಕ್ಕಣೆ ಬಳಸಿಕೊಳ್ಳಬಹುದು, ಬೇಕಿದ್ದವರು ಕೇಳಿದರೆ ಕಳಿಸುತ್ತೇನೆ. ಈ ರಜೆಯಲ್ಲಿ ಬೆಂಗಳೂರಿನಿಂದ ಬರುವವರು ಹೊರಡುವ ಮೊದಲು ನನಗೊಂದು ಕರೆ ಮಾಡಿ. ಯಾವ ಊರಿನಲ್ಲಿ ಗಾಡಿ ಎಲ್ಲಿ ನಿಲ್ಲಿಸಿದರೆ ಎಷ್ಟು ದೂರ ನಡೆಯಬೇಕು ಎಂಬುದನ್ನು ತಣ್ಣೀರುಬಾವಿಯಿಂದ ಕಾರವಾರದವರೆಗೆ ಹೇಳಬಲ್ಲೆ.