ಗೇಟು ತೆಗೆಸೋಕಾಗದೆ ಕಡಲಲ್ಲಿ ಜೆಟ್ಟಿ ಕಟ್ಟಿದ ಕಥೆ

ಗೆಳೆಯನಿಗೆ ಬೇಜಾರಾಗಬಾರದು. ಹಸಿದವರಿಗೆ ಅನ್ನ ಕೊಟ್ಟ ಹಾಗೂ ಕಾಣಬೇಕು. ಎದುರಿಗೆ ಚುನಾವಣೆ ಬೇರೆ. ಆಗ ಏನು ಮಾಡಬೇಕು? ಸಮುದ್ರದಲ್ಲಿ ಜೆಟ್ಟಿ ಕಟ್ಟಬೇಕು. 2024ರ ಮಾರ್ಚ್ 7ರಂದು ಅಮೆರಿಕದ ಸಂಸತ್ತಿನಲ್ಲಿ ನಿಂತು ಅಧ್ಯಕ್ಷ ಜೋ ಬೈಡನ್ ಘೋಷಿಸಿದ್ದು ಇದನ್ನೇ. ಗಾಜಾ ತೀರದಲ್ಲಿ ತೇಲುವ ಜೆಟ್ಟಿ ಬರುತ್ತದೆ, ಅದರ ಮೇಲೆ ಆಹಾರ, ನೀರು, ಔಷಧ ಬರುತ್ತವೆ ಅಂದರು.

ಗಾಜಾ ಏನು ದ್ವೀಪವೇ? ಅಲ್ಲ. ಸುಮಾರು 41 ಕಿಲೋಮೀಟರ್ ಉದ್ದದ ಒಂದು ಪಟ್ಟಿ. ಕೆರೆಮ್ ಶಾಲೋಮ್, ರಫಾ ಅಂತ ಗೇಟುಗಳಿವೆ. ಇಸ್ರೇಲ್-ಹಮಾಸ್ ಯುದ್ಧಕ್ಕೆ ಮುಂಚೆ ದಿನಕ್ಕೆ ಸುಮಾರು 500 ಲಾರಿಗಳು ಅಲ್ಲಿಂದಲೇ ಒಳಗೆ ಹೋಗುತ್ತಿದ್ದವು. ಈಗಲೂ ಲಾರಿ ಇತ್ತು, ರಸ್ತೆ ಇತ್ತು, ಈಜಿಪ್ಟಿನ ಕಡೆ ಸಾಲುಗಟ್ಟಿ ನಿಂತ ಡ್ರೈವರುಗಳೂ ಇದ್ದರು. ಬೇಕಾಗಿದ್ದದ್ದು ಇಸ್ರೇಲಿಗೆ "ಗೇಟು ತೆಗೀರಪ್ಪ" ಅನ್ನುವ ಒಂದು ಗಟ್ಟಿ ಮಾತು. ಅದೇ ಇಸ್ರೇಲಿಗೆ ವರ್ಷಕ್ಕೆ 380 ಕೋಟಿ ಡಾಲರ್ ಮಿಲಿಟರಿ ನೆರವು ಕೊಡುವ ದೇಶಕ್ಕೆ ಅಷ್ಟು ಮಾತಾಡಲು ಸಂಕೋಚ! ಪಾಪ, ದಾಕ್ಷಿಣ್ಯದ ಜನ.

ಸರಿ, ಜೆಟ್ಟಿಯ ವೈಭವ ನೋಡಿ. ಸಾಮಾನು ಮೊದಲು ಸೈಪ್ರಸ್‌ಗೆ ಹೋಗಬೇಕು. ಅಲ್ಲಿ ಇಸ್ರೇಲಿನವರ ತಪಾಸಣೆ. ಅಲ್ಲಿಂದ ದೊಡ್ಡ ಹಡಗು. ಗಾಜಾದಿಂದ ಕೆಲವು ಕಿಲೋಮೀಟರ್ ದೂರದ ನಡುನೀರಲ್ಲಿ ತೇಲುವ ಕಟ್ಟೆಗೆ ಇಳಿಸಬೇಕು. ಅಲ್ಲಿಂದ ಸಣ್ಣ ದೋಣಿ. ದೋಣಿಯಿಂದ ಸುಮಾರು 550 ಮೀಟರ್ ಉದ್ದದ ಉಕ್ಕಿನ ದಾರಿ. ಅದರ ಮೇಲೆ ಲಾರಿ ಓಡಿಸಿ ದಡ ಸೇರಿಸಬೇಕು. ದಡದಲ್ಲಿ ಮತ್ತೆ ಇಳಿಸಿ, ಮತ್ತೆ ಬೇರೆ ಲಾರಿಗೆ ತುಂಬಬೇಕು. ಇಷ್ಟೆಲ್ಲ ಆದ ಮೇಲೆ ಆ ಲಾರಿ ಎಲ್ಲಿಗೆ ಬಂತು? ಬಾಂಬು ಬೀಳುತ್ತಿದ್ದ ಅದೇ ರಸ್ತೆಗೆ. ಸಮುದ್ರ ದಾಟಿದ್ದು ದಂಡ.

ಇದರ ನಡುವೆ ಒಂದು ಮಡಿ ಬೇರೆ. ಅಮೆರಿಕದ ಸೈನಿಕ ಗಾಜಾ ನೆಲಕ್ಕೆ ಕಾಲಿಡುವ ಹಾಗಿಲ್ಲ ಅಂತ ಬೈಡನ್ ಮಾತು ಕೊಟ್ಟಿದ್ದರು. ಹಾಗಾಗಿ ಉಕ್ಕಿನ ದಾರಿಯ ತುದಿಯನ್ನು ಮರಳಿಗೆ ಬಿಗಿದವರು ಇಸ್ರೇಲಿ ಸೈನಿಕರು. ಅಮೆರಿಕದ ಬೂಟಿಗೆ ಗಾಜಾದ ಮರಳು ಅಂಟಬಾರದು. ಅಮೆರಿಕದ ಬಾಂಬಿಗೆ ಅಂಥ ಮಡಿಯೇನೂ ಇರಲಿಲ್ಲ, ಅದು ಸಲೀಸಾಗಿ ಹೋಗಿ ಬೀಳುತ್ತಿತ್ತು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರನ್ನು ನಾವು ನೋಡಿದ್ದೇವೆ. ತೊಟ್ಟಿಲಿಗೇ ಸುಮಾರು 23 ಕೋಟಿ ಡಾಲರ್ ಸುರಿದವರನ್ನು ನೋಡಿರಲಿಲ್ಲ.

ಮೇ 17ರಂದು ಜೆಟ್ಟಿ ಶುರುವಾಯಿತು. ದಿನಕ್ಕೆ 90 ಲಾರಿ, ಆಮೇಲೆ 150 ಅನ್ನುವುದು ಲೆಕ್ಕಾಚಾರ. ಆದರೆ ಮೆಡಿಟರೇನಿಯನ್ ಸಮುದ್ರಕ್ಕೆ ಈ ಲೆಕ್ಕಾಚಾರವನ್ನು ಯಾರೂ ತಿಳಿಸಿರಲಿಲ್ಲ ಅಂತ ಕಾಣುತ್ತದೆ. ಮೇ 25ಕ್ಕೆ ಅಲೆ ಎದ್ದಿತು, ಜೆಟ್ಟಿ ತುಂಡಾಯಿತು. ಅಲೆ ಜಾಸ್ತಿ ಇರುತ್ತದೆ, ಈ ಕೆಲಸ ಹಿಡಿದರೆ ಗೇಟು ತೆಗೆಸುವ ಒತ್ತಡವೂ ಕಡಿಮೆಯಾಗುತ್ತದೆ ಅಂತ ಅಮೆರಿಕದ ನೆರವು ಸಂಸ್ಥೆಯ ಸಿಬ್ಬಂದಿಯೇ ಮೊದಲೇ ಹೇಳಿದ್ದರಂತೆ. ಸಿಬ್ಬಂದಿ ಮಾತು ಯಾರು ಕೇಳುತ್ತಾರೆ, ಅಲ್ವಾ?

ಮರುದಿನ, ಮೇ 26ರ ರಾತ್ರಿ, ದಕ್ಷಿಣ ಗಾಜಾದ ರಫಾ ಊರಲ್ಲಿ ಆಶ್ರಯ ಪಡೆದವರ ಟೆಂಟುಗಳಿಗೆ ಬೆಂಕಿ ಹೊತ್ತಿತು. ಹಮಾಸ್‌ನ ಇಬ್ಬರು ಮುಖಂಡರ ಮೇಲೆ ಇಸ್ರೇಲ್ ದಾಳಿ ಮಾಡಿತ್ತು. ಗಾಜಾ ಆರೋಗ್ಯ ಇಲಾಖೆಯ ಪ್ರಕಾರ ಸತ್ತವರು 45 ಜನ. ರಫಾ ತನ್ನ ಕೆಂಪು ಗೆರೆ, ಇಸ್ರೇಲ್ ಅದನ್ನು ದಾಟಬಾರದು ಅಂತ ಮಾರ್ಚ್‌ನಲ್ಲಿ ಬೈಡನ್ ಹೇಳಿದ್ದರು. ಅದೇ ಉಸಿರಲ್ಲಿ, ಇಸ್ರೇಲಿನ ಕೈ ಮಾತ್ರ ಬಿಡುವುದಿಲ್ಲ ಅಂದಿದ್ದರು. ಮೇ 28ರಂದು ವಾಷಿಂಗ್ಟನ್ನಿನಲ್ಲಿ ಪತ್ರಕರ್ತರು ಕೇಳಿದರು. ಶ್ವೇತಭವನದ ವಕ್ತಾರ ಜಾನ್ ಕರ್ಬಿ ಗೆರೆ ದಾಟಿಲ್ಲ ಅಂದರು. ಬಳಸಿದ್ದು ಸುಮಾರು 17 ಕೆಜಿ ಸ್ಫೋಟಕದ ಸಣ್ಣ ಬಾಂಬು ಅನ್ನುವುದಾದರೆ, ನಿಖರವಾಗಿ ಹೊಡೆಯುವ ಪ್ರಯತ್ನ ಅಲ್ಲಿ ಕಾಣುತ್ತದೆ ಅಂತಲೂ ಸೇರಿಸಿದರು. ಅದೇ ದಿನ ಪೆಂಟಗನ್ ಜೆಟ್ಟಿ ಮುರಿದಿದೆ ಅಂತ ಪ್ರಕಟಿಸಿತು. ಒಂದೇ ಊರು, ಒಂದೇ ದಿನ. ಉಕ್ಕಿನ ಜೆಟ್ಟಿ ತುಂಡಾಗಿತ್ತು. ಬಾಯಲ್ಲಿ ಎಳೆದ ಗೆರೆಗೆ ಏನೂ ಆಗಿರಲಿಲ್ಲ.

ಊರೊಳಗಿನ ಯುದ್ಧದಲ್ಲಿ ಜನರನ್ನು ಕಾಪಾಡುವುದು ಹೇಗೆ ಅಂತ ಅಮೆರಿಕ, ಇಸ್ರೇಲ್‌ನಂಥ ದೇಶಗಳು ಕೊಡುವ ಸಲಹೆಗಳಿಗೆ ಲೆಕ್ಕವಿಲ್ಲ. 2023ರ ಡಿಸೆಂಬರಿನಲ್ಲಿ ಇಸ್ರೇಲಿ ಸೇನೆ ಗಾಜಾವನ್ನು 600ಕ್ಕೂ ಜಾಸ್ತಿ ನಂಬರು ಹಾಕಿದ ತುಂಡುಗಳಾಗಿ ಕತ್ತರಿಸಿದ ನಕ್ಷೆ ಬಿಟ್ಟಿತು. ಕರಪತ್ರದಲ್ಲಿ ಕ್ಯೂಆರ್ ಕೋಡ್. ಕರೆಂಟಿಲ್ಲ, ನೆಟ್ ಇಲ್ಲ, ಮೊಬೈಲಿಗೆ ಚಾರ್ಜಿಲ್ಲ. ಸ್ಕ್ಯಾನ್ ಮಾಡಿ ನಿಮ್ಮ ಬ್ಲಾಕ್ ನಂಬರ್ ನೋಡಿಕೊಂಡು ಓಡಿ! ಹಾಗಂತ ಹಮಾಸ್ ಏನು ಸಾಚಾ ಅಲ್ಲ. 2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದು, ಸುಮಾರು 250 ಮಂದಿಯನ್ನು ಹೊತ್ತೊಯ್ದು ಬಂದದ್ದು ಅದೇ. ನೂರಾರು ಕಿಲೋಮೀಟರ್ ಸುರಂಗ ತೋಡಿದವರಿಗೆ ಜನ ಅಡಗಿಕೊಳ್ಳಲು ಒಂದು ಬಂಕರ್ ಕಟ್ಟಲು ಪುರಸೊತ್ತಾಗಲಿಲ್ಲ.

ಯುರೋಪು ಸುಮ್ನೆ ಕೂತಿತ್ತು ಅಂದುಕೊಳ್ಳಬೇಡಿ. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಇಸ್ರೇಲಿಗಿದ್ದ ಸುಮಾರು 350 ಶಸ್ತ್ರಾಸ್ತ್ರ ಲೈಸೆನ್ಸುಗಳಲ್ಲಿ 30ನ್ನು ತಡೆಹಿಡಿಯಿತು. ಎಫ್-35 ಯುದ್ಧವಿಮಾನದ ಬಿಡಿಭಾಗ ಬೇರೆ ದೇಶಗಳ ಮೂಲಕ ಹೋದರೆ ಅದಕ್ಕೆ ತಡೆಯಿಲ್ಲ. ಆತ್ಮಸಾಕ್ಷಿಗೂ ಒಂದು ಶೇಕಡಾವಾರು ಇರುತ್ತದೆ ನೋಡಿ.

ಮತ್ತೆ ಜೆಟ್ಟಿಗೆ ಬರೋಣ, ಯಾಕೆಂದರೆ ಮಜಾ ಇರುವುದೇ ಇಲ್ಲಿ. ಮುರಿದ ಜೆಟ್ಟಿಯನ್ನು ರಿಪೇರಿಗೆ ಎಳೆದುಕೊಂಡು ಹೋಗಿದ್ದು ಅಶ್ದೋದ್‌ಗೆ. ಅದು ಗಾಜಾದ ಉತ್ತರಕ್ಕೆ, ಅದೇ ತೀರದಲ್ಲಿರುವ ಇಸ್ರೇಲಿನ ಬಂದರು. ಕ್ರೇನುಗಳಿವೆ, ಗೋದಾಮುಗಳಿವೆ, ಗಾಜಾ ಕಡೆಗೆ ಒಳ್ಳೆ ರಸ್ತೆ ಇದೆ. ಆ ವರ್ಷದ ಶುರುವಿನಲ್ಲಿ ಗಾಜಾಗೆಂದು ಬಂದ ಹಿಟ್ಟು ಅಲ್ಲೇ ನಿಂತಿತ್ತು. ಅದನ್ನು ಬಿಡುವುದಾಗಿ ಇಸ್ರೇಲ್ ಬೈಡನ್‌ಗೆ ಜನವರಿಯಲ್ಲೇ ಒಪ್ಪಿಕೊಂಡಿತ್ತು, ಆದರೆ ಇಸ್ರೇಲಿನ ಹಣಕಾಸು ಸಚಿವ ಸ್ಮೋತ್ರಿಚ್ ಅಡ್ಡಗಾಲು ಹಾಕಿದ್ದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುವುದು ಇದಕ್ಕೇ.

ಜೆಟ್ಟಿ ಒಟ್ಟು ಕೆಲಸ ಮಾಡಿದ್ದು ಸುಮಾರು 20 ದಿನ. ಇಳಿಸಿದ್ದು ಸುಮಾರು 9 ಸಾವಿರ ಟನ್. ಲಾರಿಗೆ 15 ಟನ್ ಅಂತ ಹಿಡಿದರೂ 600 ಲಾರಿ, ಅಂದರೆ ಹಳೇ ಲೆಕ್ಕದಲ್ಲಿ ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ. ಇದು ಇನ್ನಷ್ಟು ಯಶಸ್ವಿಯಾಗುತ್ತದೆ ಅಂದುಕೊಂಡಿದ್ದೆ ಅಂತ ಜುಲೈನಲ್ಲಿ ಬೈಡನ್ ಹೇಳಿದರು. ಜುಲೈ 17ಕ್ಕೆ ಅಮೆರಿಕದ ಸೇನೆ, ಜೆಟ್ಟಿಯ ಕೆಲಸ ಮುಗಿಯಿತು, ಇನ್ನು ಅದರ ಅಗತ್ಯವಿಲ್ಲ ಅಂತ ಘೋಷಿಸಿತು. ಹಾಗಾದರೆ ಸೈಪ್ರಸ್‌ನಿಂದ ಬರುವ ಸಾಮಾನು ಆಮೇಲೆ ಎಲ್ಲಿಗೆ ಹೋಯಿತು? ಅಶ್ದೋದ್ ಬಂದರಿಗೆ.