ಮೊದಲು ಚಪ್ಪಾಳೆ, ಆಮೇಲೆ ಅರ್ಥ

ಮೊನ್ನೆ ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಯುಕೆಜಿಯಲ್ಲಿರುವ ಮಗಳು ಪಕ್ಕದಲ್ಲಿ ಸ್ಟೀಲ್ ಡಬ್ಬಿ ಬೋರಲು ಹಾಕಿಕೊಂಡು ಬಡಿಯುತ್ತಾ ಹಾಡುತ್ತಿದ್ದಳು. 'ಡಿಂಗ್ ಡಾಂಗ್ ಬೆಲ್, ಪುಸೀಸ್ ಇನ್ ದ ವೆಲ್.' ಸುಮ್ನೆ ಕೇಳಿಸಿಕೊಳ್ಳುತ್ತಿದ್ದವಳು ಸೊಪ್ಪು ಬಿಟ್ಟು ಅವಳ ಕೈ ನೋಡತೊಡಗಿದೆ. ಮೊದಲ ಸಾಲಿಗೆ ಮೂರು ಏಟು. ಎರಡನೆಯದಕ್ಕೂ ಮೂರೇ ಏಟು. ಆದರೆ ಮೊದಲ ಸಾಲಿನಲ್ಲಿರುವುದು ಮೂರು ಸಿಲಬಲ್ (ಒಂದೇ ಸಲಕ್ಕೆ ಉಚ್ಚರಿಸುವ ಪದದ ತುಂಡು), ಎರಡನೆಯದರಲ್ಲಿ ಐದು! 'ಪು', 'ಇನ್', 'ವೆಲ್' ಬಂದಾಗ ಡಬ್ಬಿಗೆ ಏಟು ಬೀಳುತ್ತಿತ್ತು. 'ಸೀಸ್', 'ದ' ಎರಡೂ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತಿದ್ದವು. ಒಂದು ಸಲವೂ ಅವಳ ಕೈ ತಪ್ಪಲಿಲ್ಲ.

ಇಂಗ್ಲಿಷ್ ಪದ್ಯದ ಲಯ ಅಂದರೆ ಇದೇ. ಎಷ್ಟು ಸಿಲಬಲ್ ಇದೆ ಅನ್ನುವುದಕ್ಕಿಂತ ಎಷ್ಟು ಕಡೆ ಒತ್ತು ಬೀಳುತ್ತದೆ ಅನ್ನುವುದೇ ಅಲ್ಲಿ ಮುಖ್ಯ. ಇಷ್ಟು ಸಣ್ಣ ವಿಷಯವನ್ನು ನನಗೆ ಶಾಲೆಯಲ್ಲೂ ಕಾಲೇಜಿನಲ್ಲೂ ಯಾರೂ ಹೇಳಿಕೊಡಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಪಿಯುಸಿಯಲ್ಲಿ ನಮಗೆ ಇಂಗ್ಲಿಷ್ ಕವಿ ಟೆನಿಸನ್‌ನ ಒಂದು ಪದ್ಯವಿತ್ತು. ಮೇಷ್ಟ್ರು ಒಳಗೆ ಬಂದವರೇ ಸಾರಾಂಶ ಬರೆಸಿದರು. ಕವಿ ಸಮುದ್ರದ ಮುಂದೆ ನಿಂತಿದ್ದಾನೆ, ಗೆಳೆಯ ಸತ್ತಿದ್ದಾನೆ, ದುಃಖವಾಗಿದೆ. ಐದು ಅಂಕದ ಪ್ರಶ್ನೆಗೆ ಇಷ್ಟು ಸಾಕು ಅಂದರು. ಪದ್ಯವನ್ನು ಪೂರ್ತಿಯಾಗಿ ಒಂದು ಸಲವೂ ಬಾಯಿಬಿಟ್ಟು ಓದಲಿಲ್ಲ. ನಾವೂ ಓದಲಿಲ್ಲ. ಅಂಕ ಮಾತ್ರ ಬಂತು.

ಆ ಪದ್ಯ ಶುರುವಾಗುವುದು ಹೀಗೆ:

ಬ್ರೇಕ್, ಬ್ರೇಕ್, ಬ್ರೇಕ್,
ಆನ್ ದೈ ಕೋಲ್ಡ್ ಗ್ರೇ ಸ್ಟೋನ್ಸ್, ಓ ಸೀ!

ಈಗ ಇದನ್ನು ಡಬ್ಬಿ ಬಡಿಯುತ್ತಾ ಹೇಳಿ ನೋಡಿ. ಮೊದಲ ಸಾಲಿನಲ್ಲಿ ಒಂದೇ ಪದ ಮೂರು ಸಲ ಇದೆ, ಅಷ್ಟೇ. ಎರಡನೆಯದರಲ್ಲಿ ಏಳು ಸಿಲಬಲ್. ಮೂರನೆಯ ಸಾಲು ಒಂಬತ್ತಕ್ಕೆ ಹೋಗುತ್ತದೆ. ಎಲ್ಲದಕ್ಕೂ ಬೀಳುವುದು ಮೂರು ಏಟೇ. ಹಾಗಾಗಿ ಮೊದಲ ಸಾಲನ್ನು ಓಡಿಸೋಕೆ ಆಗುವುದಿಲ್ಲ. ಒಂದು 'ಬ್ರೇಕ್' ಆದಮೇಲೆ ಕಾಯಬೇಕು. ಒಂದು ಅಲೆ ಬಂದು ಬಂಡೆಗೆ ಅಪ್ಪಳಿಸಿ, ನೀರು ಹಿಂದಕ್ಕೆ ಜಾರಿ, ಇನ್ನೊಂದು ಬರುವಷ್ಟು ಹೊತ್ತು. ದುಃಖ ಇರುವುದು ಆ ಕಾಯುವ ಹೊತ್ತಿನಲ್ಲಿ. ಗೆಳೆಯ ಆರ್ಥರ್ ಹ್ಯಾಲಮ್ 1833ರಲ್ಲಿ ವಿಯೆನ್ನಾದಲ್ಲಿ ಇದ್ದಕ್ಕಿದ್ದ ಹಾಗೆ ತೀರಿಹೋದ. ಅವನಿಗೆ ಆಗ ಬರೀ 22 ವರ್ಷ. ಮಾತು ಹೊರಡದೆ ಗಂಟಲು ಕಟ್ಟಿದವನು ಹೇಗೆ ಒಂದೊಂದೇ ಪದ ಹೇಳುತ್ತಾನೋ ಹಾಗಿದೆ ಆ ಸಾಲು. ಮುಂದೆ ಕವಿ ಹೇಳುವುದೂ ಅದನ್ನೇ: ಎದೆಯಲ್ಲಿ ಏಳುತ್ತಿರುವುದನ್ನು ನನ್ನ ನಾಲಿಗೆ ಆಡುವಂತಿದ್ದರೆ ಅಂತ. ಸಾರಾಂಶ ಬರೆದುಕೊಂಡವರಿಗೆ ಇದು ಎಲ್ಲಿ ಸಿಗಬೇಕು?

ನಮ್ಮ ಕಿವಿಗೆ ಇದು ತಟ್ಟನೆ ಸಿಗದಿರುವುದಕ್ಕೆ ಕಾರಣವೂ ಇದೆ. ಕನ್ನಡದ ಕಿವಿ ಮಾತ್ರೆ ಎಣಿಸುವ ಕಿವಿ. ಲಘು ಒಂದು, ಗುರು ಎರಡು. ಭಾಮಿನಿ ಷಟ್ಪದಿ ಅಂದರೆ ಮೂರು ನಾಲ್ಕು, ಮೂರು ನಾಲ್ಕು ಅಂತ ನಡೆಯುತ್ತದೆ, ಒಂದು ಮಾತ್ರೆ ಹೆಚ್ಚುಕಮ್ಮಿ ಆದರೂ ಗಮಕಿಗಳ ನಾಲಿಗೆ ಎಡವುತ್ತದೆ. ನಾವು ಇಂಗ್ಲಿಷನ್ನೂ ಹಾಗೆಯೇ ಪ್ರತಿ ಅಕ್ಷರಕ್ಕೂ ಸರಿಯಾಗಿ ಬೆಲೆ ಕೊಟ್ಟು ಓದುತ್ತೇವೆ. ಮಾತನಾಡುವಾಗ ಅದರಿಂದ ಏನೂ ತೊಂದರೆ ಇಲ್ಲ. ಪದ್ಯ ಮಾತ್ರ ಚಪ್ಪಟೆಯಾಗಿಬಿಡುತ್ತದೆ. ಆಮೇಲೆ 'ಇಂಗ್ಲಿಷಿನಲ್ಲಿ ಸಂಗೀತವೇ ಇಲ್ಲ, ಅದು ಆಫೀಸಿನ ಭಾಷೆ' ಅನ್ನುತ್ತೇವೆ. ಇದನ್ನು ಒಳ್ಳೆಯ ಓದುಗರ ಬಾಯಲ್ಲೂ ಕೇಳಿದ್ದೇನೆ. ನಾನು ಖಂಡಿತ ಒಪ್ಪುವುದಿಲ್ಲ.

ಹಾಪ್ಕಿನ್ಸ್ ಎಂಬ ಜೆಸ್ವಿಟ್ ಪಾದ್ರಿ ಕವಿಯಿದ್ದ. ಒತ್ತುಗಳನ್ನು ಮಾತ್ರ ಎಣಿಸಿ, ನಡುವಿನ ಸಿಲಬಲ್‌ಗಳನ್ನು ಎಷ್ಟು ಬೇಕಾದರೂ ಇರಲಿ ಅಂತ ಬಿಟ್ಟುಬಿಡುವ ಲಯದಲ್ಲಿ ಬರೆದ. ಇದೆಂಥ ವಿಚಿತ್ರ ಅಂತ ಆಪ್ತರಿಗೇ ಅನ್ನಿಸುತ್ತಿತ್ತು. 1878ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಅವನು ಕೊಟ್ಟ ಒಂದು ಉದಾಹರಣೆ ಯಾವುದು ಗೊತ್ತಾ? ಇದೇ 'ಡಿಂಗ್ ಡಾಂಗ್ ಬೆಲ್'! ಇದು ನಾನು ಹುಟ್ಟಿಸಿದ್ದಲ್ಲ, ಮಕ್ಕಳ ಹಾಡಿನಲ್ಲೇ ಇದೆ ಅನ್ನುವುದು ಅವನ ವಾದ. ಅವನು ಸತ್ತದ್ದು 1889ರಲ್ಲಿ, ಪದ್ಯಗಳು ಪುಸ್ತಕವಾಗಿ ಬಂದದ್ದು 1918ರಲ್ಲಿ. ಆ ಲಯದ ಬೇರು ಇನ್ನೂ ಹಳೆಯದು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಅಂತ್ಯಪ್ರಾಸ ಸಾಮಾನ್ಯವಾಗಿ ಇರಲಿಲ್ಲ. ಸಾಲಿಗೆ ನಾಲ್ಕು ಒತ್ತು, ನಡುವೆ ಒಂದು ನಿಲುಗಡೆ, ಒತ್ತು ಬಿದ್ದ ಕಡೆ ಒಂದೇ ಧ್ವನಿ ಮತ್ತೆ ಮತ್ತೆ.

ಪದಗಳ ತೂಕದ ಬಗ್ಗೆಯೂ ಒಂದು ಮಾತು. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಮ್ಯಾಕ್‌ಬೆತ್ ಕೊಲೆ ಮಾಡಿ ಬಂದು ತನ್ನ ಕೈ ನೋಡಿಕೊಳ್ಳುತ್ತಾನೆ. ಈ ಕೈ ತೊಳೆದರೆ ಕಡಲುಗಳೇ ಕೆಂಪಾಗುತ್ತವೆ ಅನ್ನುತ್ತಾನೆ. ಮೊದಲು 'ಮಲ್ಟಿಟ್ಯೂಡಿನಸ್', 'ಇನ್‌ಕಾರ್ನಡೈನ್' ಅಂತ ಲ್ಯಾಟಿನ್ ಮೂಲದ ಉದ್ದುದ್ದ ಪದಗಳು ಉರುಳಿ ಬರುತ್ತವೆ. ಮರುಸಾಲಿಗೆ 'ಮೇಕಿಂಗ್ ದ ಗ್ರೀನ್ ಒನ್ ರೆಡ್'. ಎಲ್ಲಾ ಮನೆಮಾತಿನ ಪುಟ್ಟ ಪದಗಳು. ಎರಡೂ ಸಾಲಿನ ಅರ್ಥ ಹೆಚ್ಚುಕಮ್ಮಿ ಒಂದೇ. ಆದರೆ 'ರೆಡ್' ಅಂದಾಗ ರಕ್ತ ಕಣ್ಣೆದುರಿಗೆ ಬರುತ್ತದೆ. ಸಂಸ್ಕೃತದ ಸಮಾಸ ಆದಮೇಲೆ ಅಚ್ಚಗನ್ನಡದ ಎರಡಕ್ಷರ ಬಿದ್ದರೆ ಹೇಗಿರುತ್ತೆ ಅಂತ ಗೊತ್ತಿರುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ, ಅಲ್ವಾ?

ಬಿ.ಎಂ.ಶ್ರೀ ಅವರಿಗೆ ಈ ಎರಡೂ ಕಿವಿ ಇದ್ದವು. ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ 1833ರಲ್ಲಿ ಹಡಗಿನಲ್ಲಿ ಬರೆದ ಪ್ರಾರ್ಥನೆ 'ಲೀಡ್, ಕೈಂಡ್ಲಿ ಲೈಟ್'. ಅದು 'ಲೀಡ್' ಎಂಬ ಒಂದೇ ಒತ್ತಿನಿಂದ ಶುರುವಾಗುತ್ತದೆ. ಮೊದಲ ಪದಕ್ಕೇ ಕೈ ಹಿಡಿದು ಎಳೆದ ಹಾಗೆ. ಶ್ರೀಯವರು ಅದನ್ನು ಕನ್ನಡಕ್ಕೆ ಅನುವಾದಿಸುವಾಗ ಆ ಒತ್ತನ್ನು ಹಾಗೆಯೇ ತರಲು ಹೋಗಲಿಲ್ಲ. 'ಕರುಣಾಳು, ಬಾ ಬೆಳಕೆ' ಅಂದರು. ಮಾತ್ರೆ ಎಣಿಸಿ ನೋಡಿ, ಐದು, ಐದು. 'ಮುಸುಕಿದೀ ಮಬ್ಬಿನಲಿ', ಮತ್ತೆ ಐದು, ಐದು. ಕರುಣಾಳುವಿನ ಮೊದಲೆರಡು ಲಘು ಮೆಲ್ಲಗೆ ಹೆಜ್ಜೆಯಿಟ್ಟು 'ಣಾ' ಮೇಲೆ ಬಂದು ನಿಲ್ಲುತ್ತವೆ. ಎಳೆಯುವ ಬದಲು ಕರೆದ ಹಾಗಾಯಿತು. ಅದಕ್ಕೇ ಅದು ಅನುವಾದ ಅಂತ ಗೊತ್ತಿಲ್ಲದವರೂ ಹಾಡುತ್ತಾರೆ.

'ನಮ್ಮ ಉಚ್ಚಾರ ಸರಿ ಇಲ್ಲ, ಇಂಗ್ಲಿಷ್ ಪದ್ಯ ಜೋರಾಗಿ ಓದೋಕೆ ನಾಚಿಕೆ' ಅನ್ನುವ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಟೆನಿಸನ್ 1890ರಲ್ಲಿ, ತನ್ನ 80ನೇ ವಯಸ್ಸಿನಲ್ಲಿ, ಮೇಣದ ಸಿಲಿಂಡರ್ ಮೇಲೆ ತನ್ನ ಪದ್ಯಗಳನ್ನು ತಾನೇ ಓದಿ ರೆಕಾರ್ಡ್ ಮಾಡಿಸಿದ್ದು ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಗರಗರ ಸದ್ದು ಜಾಸ್ತಿ. ಆದರೂ ಕೇಳಿಸಿಕೊಳ್ಳಿ. ಆಸ್ಥಾನಕವಿಯಾದರೂ ಲಿಂಕನ್‌ಶೈರ್ ಊರಿನ ಉಚ್ಚಾರ ಅವನನ್ನು ಬಿಟ್ಟಿರಲಿಲ್ಲ. ಓದುವುದಂತೂ ಮಂತ್ರ ಹೇಳಿದ ಹಾಗೆ, ಕುದುರೆ ಗೊರಸಿನ ಹಾಗೆ ಏಟು ಹಾಕುತ್ತಾ. ಒತ್ತು ಬೀಳಬೇಕಾದಲ್ಲಿ ಬಿದ್ದರೆ ಸಾಕು. ಉಳಿದದ್ದು ಹಾಸನದ ಇಂಗ್ಲಿಷಾದರೂ ನಡೆಯುತ್ತದೆ, ಬೀದರಿನದಾದರೂ ನಡೆಯುತ್ತದೆ. ಮೊದಲ ಪೀರಿಯಡ್ಡಿನಲ್ಲಿ ಅರ್ಥ ಹೇಳಬೇಡಿ. ಬೆಂಚು ಬಡಿಯಲು ಬಿಡಿ. ಪಕ್ಕದ ಕ್ಲಾಸಿಗೆ ಗಲಾಟೆ ಕೇಳಿಸಿದರೆ ಕೇಳಿಸಲಿ.

ಆ ಸಂಜೆ ಮಗಳಿಗೆ 'ಬ್ರೇಕ್, ಬ್ರೇಕ್, ಬ್ರೇಕ್' ಹೇಳಿಕೊಟ್ಟೆ. ಅರ್ಥ ಹೇಳಲಿಲ್ಲ. ಅವಳು ಡಬ್ಬಿಗೆ ಒಂದು ಏಟು ಹಾಕಿ, ಕೈ ಮೇಲೆತ್ತಿ, ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. 'ಅಮ್ಮಾ, ಇಲ್ಲಿ ಕಾಯಬೇಕು ಅಲ್ವಾ?' ಅಂದಳು.